ಹೊಳೆಯುವ ತಂತಿಯನ್ನು ಯಾಕೆ ಬದಲಿಸಬೇಕು? ಹಾಯಿದೋಣಿಯ ಕೂವೆ ನಿಲ್ಲುವ ಬಗೆ

ಈ ಮಳೆಗಾಲ ಪೂರ್ತಿ ನಮ್ಮ ಪುಟ್ಟ ಹಾಯಿದೋಣಿ ಕಾರವಾರದ ಕೋಡಿಬಾಗದ ಒಂದು ತೆಂಗಿನ ತೋಟದಲ್ಲಿ ತಾಡಪಾಲು ಹೊದ್ದು ಮಲಗಿತ್ತು. ಪಕ್ಕದಲ್ಲಿ ಅದರ ಕೂವೆ, ಅಂದರೆ ಹಾಯಿ ಕಟ್ಟುವ ಕಂಬ. ಕೂವೆಯ ಮೇಲಿಂದ ಬಿಚ್ಚಿದ ಸ್ಟೀಲ್ ತಂತಿಗಳು ಸುರುಳಿ ಸುತ್ತಿಕೊಂಡು ಗೋಡೆಗೆ ನೇತಾಡುತ್ತಿದ್ದವು. ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. “ಹೊಳೀತಾ ಇದೆಯಲ್ಲ ತಮ್ಮಾ, ಯಾಕೆ ಸುಮ್ನೆ ದುಡ್ಡು ಹಾಳು?”

ಪ್ರಶ್ನೆ ಸರಿಯಾದದ್ದೇ. ಕಾರವಾರದಲ್ಲಿ ಹಾಯಿಯ ಮಾತು ಈಗ ಮತ್ತೆ ಕೇಳಿಬರುತ್ತಿದೆ. 2025ರ ಮೇ 21ರಂದು ಇಲ್ಲಿನ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ನೌಕಾಪಡೆಗೆ ಸೇರಿತು. ಹಲಗೆಗೆ ಹಲಗೆಯನ್ನು ಕತ್ತದ ಹಗ್ಗದಲ್ಲಿ ಹೊಲಿದು ಮಾಡಿದ ಹಡಗು ಅದು. ಅದರ ಫೋಟೋ ನೋಡಿದ ಮೇಲೆ ಹಾಯಿ ಕಲಿಯಬೇಕು, ಹಳೆ ದೋಣಿ ಒಂದು ಕೊಳ್ಳಬೇಕು ಅನ್ನುವವರು ನನಗೇ ನಾಲ್ಕಾರು ಮಂದಿ ಸಿಕ್ಕಿದ್ದಾರೆ. ಹಳೆ ದೋಣಿ ಕೊಳ್ಳುವಾಗ ಎಲ್ಲರೂ ತಳ ತಟ್ಟಿ ನೋಡುತ್ತಾರೆ, ಹಾಯಿ ಬಿಚ್ಚಿ ನೋಡುತ್ತಾರೆ. ತಂತಿ ನೋಡುವವರು ಕಡಿಮೆ. ಆದ್ದರಿಂದ ಈ ಬರಹ ತಂತಿಗಳ ಬಗ್ಗೆ.

ಕರೆಂಟ್ ಕಂಬಕ್ಕೆ ಇರುವುದೇ ಕೂವೆಗೂ

ರಸ್ತೆ ತಿರುಗುವಲ್ಲಿ ನಿಂತಿರುವ ಕರೆಂಟ್ ಕಂಬ ನೋಡಿ. ಅದರ ತಲೆಯಿಂದ ಓರೆಯಾಗಿ ಒಂದು ದಪ್ಪ ತಂತಿ ನೆಲಕ್ಕೆ ಇಳಿದಿರುತ್ತದೆ, ನಡುವೆ ಮೊಟ್ಟೆಯಂಥ ಒಂದು ಪಿಂಗಾಣಿ ತುಂಡು. ಲೈನ್‌ಮನ್‌ಗಳು ಅದನ್ನು ಸ್ಟೇ ಅನ್ನುತ್ತಾರೆ. ಲೈನ್ ಒಂದು ಕಡೆ ಎಳೆದರೆ ಸ್ಟೇ ಇನ್ನೊಂದು ಕಡೆ ಎಳೆಯುತ್ತದೆ. ಎರಡೂ ಎಳೆತ ಸಮ ಆದಾಗ ಕಂಬ ನೆಟ್ಟಗೆ ನಿಲ್ಲುತ್ತದೆ.

ಹಾಯಿದೋಣಿಯಲ್ಲೂ ಇದೇ ಹೆಸರು, ಇದೇ ಕೆಲಸ. ಕೂವೆಯ ತಲೆಯಿಂದ ದೋಣಿಯ ಮುಂತುದಿಗೆ ಹೋಗುವ ತಂತಿ ಫೋರ್‌ಸ್ಟೇ. ಹಿಂತುದಿಗೆ ಹೋಗುವುದು ಬ್ಯಾಕ್‌ಸ್ಟೇ. ಎಡಕ್ಕೂ ಬಲಕ್ಕೂ ಇಳಿಯುವವು ಶ್ರೌಡ್‌ಗಳು. ತಲೆಯಿಂದ ಇಳಿಯುವುದು ಮೇಲಿನ ಶ್ರೌಡ್, ಕೂವೆಯ ನಡುವಿನಿಂದ ಇಳಿಯುವುದು ಕೆಳಗಿನ ಶ್ರೌಡ್. ಸಣ್ಣ ದೋಣಿಯಲ್ಲಿ ಎಲ್ಲ ಸೇರಿ ಆರೋ ಎಂಟೋ ತಂತಿ. ಇವಿಷ್ಟಕ್ಕೂ ಸೇರಿಸಿ ಸ್ಟ್ಯಾಂಡಿಂಗ್ ರಿಗ್ಗಿಂಗ್ ಅನ್ನುತ್ತಾರೆ. ಒಮ್ಮೆ ಬಿಗಿದ ಮೇಲೆ ಕದಲದೆ ನಿಂತಿರುವ ತಂತಿ ಅಂತ ಅರ್ಥ. ಹಾಯಿ ಏರಿಸುವ, ಇಳಿಸುವ, ಎಳೆದು ಬಿಡುವ ಹಗ್ಗಗಳ ಲೆಕ್ಕ ಬೇರೆ. ಅವು ದಿನಾ ಕೈಗೆ ಸಿಗುತ್ತವೆ, ಸವೆದರೆ ಕಣ್ಣಿಗೆ ಕಾಣುತ್ತದೆ.

ನಮ್ಮ ಅರಬ್ಬಿ ಸಮುದ್ರದ ಹಳೆ ಹಾಯಿಹಡಗುಗಳಲ್ಲಿ ಇದೇ ಕೆಲಸವನ್ನು ಹಗ್ಗ ಮಾಡುತ್ತಿತ್ತು. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಹಗ್ಗಗಳನ್ನು ಒಯ್ದು ಕಪ್ಪಿಯಲ್ಲಿ ಎಳೆದು ಬಿಗಿಯುತ್ತಿದ್ದರು. ದಿಕ್ಕು ಬದಲಿಸಿದರೆ ಹಗ್ಗವನ್ನೂ ಆಚೆ ಬದಿಗೆ ಬದಲಿಸಬೇಕು. ಸ್ಟೀಲ್ ತಂತಿ ಬಂದ ಮೇಲೆ ಎರಡೂ ಬದಿಗೆ ಕಾಯಂ ಕಟ್ಟಿ ಬಿಟ್ಟರು. ಕೆಲಸ ಕಡಿಮೆಯಾಯಿತು. ದಿನಾ ಮುಟ್ಟಿ ನೋಡುವ ಅಭ್ಯಾಸವೂ ಅದರ ಜೊತೆಗೇ ಹೋಯಿತು ಅಂತ ನನ್ನ ಅನಿಸಿಕೆ.

ದೋಣಿ ಅಗಲವಿಲ್ಲ, ತೊಂದರೆ ಅಲ್ಲೇ ಇದೆ

ಕರೆಂಟ್ ಕಂಬಕ್ಕಿಂತ ಕೂವೆಯ ಪಾಡು ಕಷ್ಟದ್ದು. ಯಾಕೆ ಅಂತ ಒಂದು ಲೆಕ್ಕದಲ್ಲಿ ನೋಡೋಣ.

8 ಮೀಟರ್ ಎತ್ತರದ ಕಂಬದ ತಲೆಯನ್ನು ಯಾರೋ 50 ಕೆಜಿ ಬಲದಲ್ಲಿ ಪಕ್ಕಕ್ಕೆ ತಳ್ಳುತ್ತಿದ್ದಾರೆ ಅಂದುಕೊಳ್ಳಿ. ಸ್ಟೇ ತಂತಿಯನ್ನು ಬುಡದಿಂದ 4 ಮೀಟರ್ ದೂರದಲ್ಲಿ ನೆಲಕ್ಕೆ ಊರಿದ್ದರೆ ಆ ತಂತಿಯ ಮೇಲೆ ಬೀಳುವ ಎಳೆತ ಸುಮಾರು 110 ಕೆಜಿ. ಈಗ ಅದೇ 8 ಮೀಟರ್ ಕಂಬವನ್ನು ದೋಣಿಯಲ್ಲಿ ನಿಲ್ಲಿಸಿ. ನಡುವಿನಿಂದ ಅಂಚಿಗೆ ಇರುವ ದೂರ ಬರೀ 1.1 ಮೀಟರ್. ತಂತಿಯನ್ನು ಅದರಾಚೆ ಕಟ್ಟಲು ಜಾಗವೇ ಇಲ್ಲ. ಅದೇ 50 ಕೆಜಿ ತಳ್ಳಿಗೆ ಈ ತಂತಿಯ ಮೇಲೆ ಬೀಳುವ ಎಳೆತ 360 ಕೆಜಿ ದಾಟುತ್ತದೆ. ತಳ್ಳಿದ ಬಲ ಅದೇ. ಬದಲಾದದ್ದು ತಂತಿ ಕೂವೆಗೆ ಕೂಡುವ ಕೋನ ಮಾತ್ರ.

ಈ ಕೋನವನ್ನು ಸ್ವಲ್ಪ ದೊಡ್ಡದು ಮಾಡಲಿಕ್ಕೇ ಕೂವೆಯ ನಡುವೆ ಎರಡೂ ಬದಿಗೆ ಕೈ ಚಾಚಿದಂತೆ ಒಂದೊಂದು ಕೋಲು ಇರುತ್ತದೆ. ಅದು ಸ್ಪ್ರೆಡರ್. ಮೇಲಿನ ಶ್ರೌಡ್ ಅದರ ತುದಿಯ ಮೇಲೆ ಹಾದು ಕೆಳಗಿಳಿಯುತ್ತದೆ. ನೋಡಲು ಅಲಂಕಾರದ ಹಾಗಿದೆ. ಆದರೆ ಅದು ಜಾರಿದರೆ ಕೂವೆ ನಡುವಿನಲ್ಲೇ ಮಡಚುತ್ತದೆ.

ಇನ್ನೊಂದು ಮಾತು ಹಲವರಿಗೆ ಹೊಳೆಯುವುದಿಲ್ಲ. ತಂತಿಗಳು ಕೂವೆಯನ್ನು ಪಕ್ಕಕ್ಕೆ ಮಾತ್ರ ಎಳೆಯುವುದಿಲ್ಲ. ಎಲ್ಲ ಸೇರಿ ಅದನ್ನು ಕೆಳಕ್ಕೆ, ದೋಣಿಯ ತಳದ ಕಡೆಗೆ ಒತ್ತುತ್ತಿರುತ್ತವೆ. ಅಡಿಕೆ ಮರ ಬುಡದಲ್ಲಿ ಬೇರು ಬಿಟ್ಟು ನಿಂತಿದೆ, ಗಾಳಿಗೆ ಬಾಗುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಕೂವೆಗೆ ಬೇರಿಲ್ಲ. ಸಣ್ಣ ದೋಣಿಗಳಲ್ಲಿ ಅದು ಹಲಗೆಯ ಮೇಲೆ ಒಂದು ಗುಳಿಯಲ್ಲಿ ಸುಮ್ನೆ ಕೂತಿರುತ್ತದೆ. ಸುತ್ತಲಿನ ಎಳೆತವೇ ಅದಕ್ಕೆ ಬೇರು. ಒಂದು ಕಡೆಯ ತಂತಿ ಕಡಿದರೆ ಉಳಿದವು ಅದೇ ಕ್ಷಣ ಕೂವೆಯನ್ನು ಇನ್ನೊಂದು ಕಡೆಗೆ ಕಿತ್ತುಹಾಕುತ್ತವೆ. ನಡುವೆ ಯೋಚನೆ ಮಾಡಲು ಸಮಯ ಸಿಗುವುದಿಲ್ಲ.

ಕೂವೆ ಬಿದ್ದರೆ ಅಲ್ಲಿಗೆ ಮುಗಿಯುವುದೂ ಇಲ್ಲ. ಮುರಿದ ಕಂಬ ತಂತಿಗಳಲ್ಲಿ ನೇತಾಡುತ್ತಾ ಅಲೆ ಬಂದಾಗಲೆಲ್ಲ ದೋಣಿಯ ಪಕ್ಕಕ್ಕೆ ಗುದ್ದುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ, ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರ ದೋಣಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಮಗುಚಿ ಕೂವೆ ಕಳೆದುಕೊಂಡಿತು. ಬೆನ್ನಿಗೆ ಏಟು ಬಿದ್ದ ಅವರನ್ನು ಫ್ರೆಂಚ್ ಹಡಗೊಂದು ಬಂದು ಕಾಪಾಡಬೇಕಾಯಿತು. ಅಲ್ಲಿ ತಪ್ಪು ತಂತಿಯದಲ್ಲ, ಸಮುದ್ರದ್ದು. ಆದರೆ ಕೂವೆ ಹೋದ ಮೇಲೆ ದೋಣಿಯ ಸ್ಥಿತಿ ಏನಾಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಯಾಕೆ ಇಡುವುದಿಲ್ಲ?

ಈಗ ದಾರಿಹೋಕರ ಪ್ರಶ್ನೆಗೆ ಬರೋಣ. ಹೊಳೆಯುತ್ತಿದೆಯಲ್ಲ, ಹಾಳಾಗಿದೆ ಅಂತ ಹೇಗೆ ಹೇಳುತ್ತೀರಿ?

ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ಅರ್ಧ ಸತ್ಯ. ಅದರಲ್ಲೂ ಇರುವುದು ಮುಖ್ಯವಾಗಿ ಕಬ್ಬಿಣವೇ. ಜೊತೆಗೆ ಕ್ರೋಮಿಯಂ ಸೇರಿಸಿರುತ್ತಾರೆ. ಈ ಕ್ರೋಮಿಯಂ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಮೇಲ್ಮೈ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಒಂದೇ ಷರತ್ತು, ಗಾಳಿ ಸಿಗಬೇಕು.

ಗಾಳಿ ಆಡದ, ಉಪ್ಪುನೀರು ನಿಂತ ಸಂದಿಯಲ್ಲಿ ಏನಾಗುತ್ತದೆ? ಇದ್ದ ಆಮ್ಲಜನಕ ಖರ್ಚಾಗುತ್ತದೆ, ಹೊಸದು ಬರುವುದಿಲ್ಲ. ಪೊರೆ ಹರಿದರೆ ಮತ್ತೆ ಕಟ್ಟುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಅಲ್ಲೇ ಕೂತು ಲೋಹವನ್ನು ಕೊರೆಯುತ್ತದೆ. ಹೊರಗೆ ಕನ್ನಡಿಯಂಥ ಹೊಳಪು, ಒಳಗೆ ಗೆದ್ದಲು ತಿಂದ ತೊಲೆ. ನಮ್ಮ ಕಡೆ ಉಪ್ಪಿನಕಾಯಿಯನ್ನು ಪಿಂಗಾಣಿ ಭರಣಿಯಲ್ಲೇ ಹಾಕುತ್ತಾರೆ, ಅಲ್ವಾ? ಸ್ಟೀಲ್ ಡಬ್ಬಿಯಲ್ಲಿ ಉಪ್ಪು ಇಟ್ಟು ಮರೆತವರಿಗೆ ಗೊತ್ತು, ತಳದಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು ಬಿದ್ದಿರುತ್ತವೆ. ತಂತಿಯ ತುದಿಯಲ್ಲೂ ಅದೇ ಕತೆ.

ದೋಣಿಯಲ್ಲಿ ಇಂಥ ಗಾಳಿಯಾಡದ ಜಾಗ ಮುಖ್ಯವಾಗಿ ಎರಡು. ಒಂದು, ತಂತಿಯ ಕೊನೆ ಹೊಕ್ಕಿರುವ ಕೊಳವೆ. ಅದನ್ನು ಸ್ವೇಜ್ ಅನ್ನುತ್ತಾರೆ. ತಂತಿಯ ಎಳೆಗಳ ನಡುವಿನ ಸಣ್ಣ ಸಂದಿಗಳಲ್ಲಿ ನೀರು ಇಳಿದು ಕೆಳಗಿನ ಕೊಳವೆಯೊಳಗೆ ನಿಲ್ಲುತ್ತದೆ. ಅದಕ್ಕೇ ಮೇಲಿನ ತುದಿಗಿಂತ ಕೆಳಗಿನ ತುದಿ ಬೇಗ ಹೋಗುತ್ತದೆ. ಎರಡನೆಯದು ಚೈನ್‌ಪ್ಲೇಟ್. ಶ್ರೌಡನ್ನು ದೋಣಿಯ ಮೈಗೆ ಕಟ್ಟುವ ಸ್ಟೀಲ್ ಪಟ್ಟಿ ಅದು. ಅದು ಹಲಗೆಯನ್ನು ತೂರಿ ಒಳಗಿಳಿಯುವ ಒಂದೆರಡು ಸೆಂಟಿಮೀಟರ್ ಜಾಗ ಸದಾ ಒದ್ದೆ, ಸದಾ ಕತ್ತಲೆ.

ಇನ್ನೊಂದು ಶತ್ರು ಆಯಾಸ. ಮನೆ ಕಟ್ಟುವಲ್ಲಿ ಸೆಂಟ್ರಿಂಗ್ ಹುಡುಗರು ಬೈಂಡಿಂಗ್ ವಾಯರ್ ಮುರಿಯುವುದನ್ನು ನೋಡಿದ್ದೀರಲ್ಲ? ಕಟಿಂಗ್ ಪ್ಲೇಯರ್ ಹುಡುಕುವುದಿಲ್ಲ. ಹತ್ತು ಸಲ ಆಚೆ ಈಚೆ ಬಗ್ಗಿಸುತ್ತಾರೆ, ತುಂಡಾಗುತ್ತದೆ. ದೋಣಿ ಲಂಗರು ಹಾಕಿ ಸುಮ್ಮನೆ ನಿಂತಿದ್ದರೂ ಅಲೆಗೆ ಓಲಾಡುತ್ತಲೇ ಇರುತ್ತದೆ. ಒಂದೊಂದು ಓಲಾಟಕ್ಕೂ ತಂತಿ ಒಂದು ಕೂದಲಿನಷ್ಟು ಬಗ್ಗುತ್ತದೆ, ಬಗ್ಗುವುದು ಕೊಳವೆಯ ಬಾಯಿಯಲ್ಲೇ. ದಿನಕ್ಕೆ ಸಾವಿರಾರು ಸಲ. ಉಪ್ಪು ಕೊರೆದ ಜಾಗವೂ ಅದೇ, ಬಗ್ಗುವ ಜಾಗವೂ ಅದೇ. ತಂತಿ ನಡುವಿನಲ್ಲಿ ಕಡಿಯುವುದು ಅಪರೂಪ.

ಮಳೆ ಬಗ್ಗೆ ಒಂದು ಮಾತು. ಕಾರವಾರದ ಮಳೆ ನೋಡಿದವರು ಅದೇ ತಂತಿ ಹಾಳು ಮಾಡುತ್ತದೆ ಅಂದುಕೊಳ್ಳುತ್ತಾರೆ. ಬಯಲಲ್ಲಿರುವ ತಂತಿಯ ಮಟ್ಟಿಗೆ ಮಳೆ ಒಳ್ಳೆಯ ಸ್ನಾನ, ಉಪ್ಪು ತೊಳೆದುಹೋಗುತ್ತದೆ. ಹೆಚ್ಚು ಕಾಟ ಕೊಡುವುದು ಬೇಸಿಗೆ. ಮಧ್ಯಾಹ್ನದ ಕಡಲಗಾಳಿ ಉಪ್ಪು ತಂದು ಮೆತ್ತುತ್ತದೆ, ಬಿಸಿಲು ಒಣಗಿಸುತ್ತದೆ, ರಾತ್ರಿಯ ತೇವ ಮತ್ತೆ ಕರಗಿಸುತ್ತದೆ. ತಿಂಗಳುಗಟ್ಟಲೆ ತೊಳೆಯುವವರಿಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ಸಿಹಿನೀರು ಕೆಳಗಿನ ತುದಿಗಳಿಗೆ ಹೊಯ್ದರೂ ಉಪಕಾರವೇ.

ಹಾಗಾದರೆ ಎಷ್ಟು ವರ್ಷ?

ಸ್ಟೀಲ್ ತಂತಿಗೆ ಸಾಮಾನ್ಯವಾಗಿ ಹೇಳುವ ಆಯುಷ್ಯ 10ರಿಂದ 15 ವರ್ಷ. ಹೊರದೇಶದ ಹಲವು ವಿಮಾ ಕಂಪನಿಗಳು 10 ದಾಟಿದರೆ ಪ್ರಶ್ನೆ ಕೇಳಲು ಶುರು ಮಾಡುತ್ತವೆ. ನಮ್ಮಂಥ ಸೆಖೆಯ, ಉಪ್ಪಿನ ಊರಲ್ಲಿ ಕೆಳಗಿನ ಅಂಕಿಯನ್ನೇ ಹಿಡಿದುಕೊಳ್ಳುವುದು ಜಾಣತನ. ಗ್ಯಾಸ್ ಸ್ಟೌವಿನ ರಬ್ಬರ್ ಪೈಪನ್ನು ಸೋರುವ ತನಕ ಕಾಯದೆ ತಾರೀಖು ನೋಡಿ ಬದಲಿಸುತ್ತೇವಲ್ಲ, ಹಾಗೆ.

ಹಳೆ ದೋಣಿ ಕೊಂಡಿದ್ದೀರಿ, ತಂತಿಗೆ ಎಷ್ಟು ವಯಸ್ಸು ಅಂತ ಮಾರಿದವರಿಗೇ ಗೊತ್ತಿಲ್ಲ ಅಂದರೆ? ಅವಧಿ ಮುಗಿದಿದೆ ಅಂತಲೇ ಲೆಕ್ಕ. ನಮ್ಮದು ಹಾಗೇ ಆಯಿತು. ಕೊಡುವಾಗ “ಮೊನ್ನೆ ಮೊನ್ನೆ ಹಾಕಿಸಿದ್ದು” ಅಂದರು. ಆ ಮೊನ್ನೆ ಯಾವುದು ಅಂತ ಯಾರ ಹತ್ತಿರವೂ ಚೀಟಿ ಇರಲಿಲ್ಲ.

ಹತ್ತಿ, ಭೂತಗನ್ನಡಿ, ಕೆಂಪು ಬಣ್ಣ

ಬದಲಿಸುವ ವರ್ಷ ಬರುವ ತನಕ ಪ್ರತಿ ವರ್ಷ ನೋಡುತ್ತಿರಬೇಕು. ಮೊದಲ ಪರೀಕ್ಷೆಗೆ ಒಂದು ಉಂಡೆ ಹತ್ತಿ ಸಾಕು. ತಂತಿಯ ಉದ್ದಕ್ಕೂ ಹತ್ತಿ ಹಿಡಿದು ಎಳೆಯಿರಿ. ಎಲ್ಲಾದರೂ ಒಂದು ಎಳೆ ಮುರಿದು ಚಾಚಿದ್ದರೆ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ, ಮುರಿದ ಎಳೆ ಗಾಳದ ಕೊಕ್ಕೆಯ ಹಾಗೆ ಚರ್ಮಕ್ಕೆ ಇಳಿಯುತ್ತದೆ. ಒಂದೇ ಒಂದು ಎಳೆ ಮುರಿದಿದ್ದರೂ ಆ ತಂತಿಯ ಕತೆ ಮುಗಿಯಿತು. ಒಂದು ಮುರಿದಿದೆ ಅಂದರೆ ಪಕ್ಕದವೂ ಅಷ್ಟೇ ದಣಿದಿವೆ.

ಆಮೇಲೆ ಭೂತಗನ್ನಡಿ. ಕೊಳವೆಗಳ ಮೇಲೆ ಉದ್ದುದ್ದ ಬಿರುಕು ಇದೆಯೇ? ಬಾಯಿಯಿಂದ ಕಂದು ನೀರು ಇಳಿದ ಕಲೆ ಇದೆಯೇ? ಕೊಳವೆ ಬಾಳೆಹಣ್ಣಿನ ಹಾಗೆ ಬಾಗಿದೆಯೇ? ತಂತಿಯ ಮೈಮೇಲೆ ಅಲ್ಲಲ್ಲಿ ತೆಳು ಕಂದು ಬಣ್ಣ ಕಂಡರೆ ಗಾಬರಿ ಬೇಡ, ಅದು ಚಹಾ ಕಲೆಯಂತೆ ಉಜ್ಜಿದರೆ ಹೋಗುತ್ತದೆ. ಉಜ್ಜಿದ ಮೇಲೂ ಒಂದೇ ಜಾಗದಿಂದ ಮತ್ತೆ ಮತ್ತೆ ಒಸರಿದರೆ ಒಳಗೆ ಏನೋ ನಡೆಯುತ್ತಿದೆ ಅಂತ ಅರ್ಥ.

ಕಣ್ಣಿಗೆ ಕಾಣದ ಬಿರುಕಿಗೆ ವೆಲ್ಡಿಂಗ್ ತಪಾಸಣೆಯವರು ಬಳಸುವ ಕೆಂಪು ಬಣ್ಣದ ಸ್ಪ್ರೇ ಬರುತ್ತದೆ. ಲೋಹವನ್ನು ಚೆನ್ನಾಗಿ ಒರೆಸಿ, ಕೆಂಪು ಹೊಡೆದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಒರೆಸಿ ತೆಗೆದು, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ಬಿರುಕಿನೊಳಗೆ ಹೊಕ್ಕ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಎದ್ದು ಬರುತ್ತದೆ. ನಮ್ಮ ಒಂದು ಚೈನ್‌ಪ್ಲೇಟ್ ಮೇಲೆ ಆ ಗೆರೆ ಮೂಡಿದಾಗ ನಾವು ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿನ ವಾರ ಅದೇ ದೋಣಿಯಲ್ಲಿ ದೇವಬಾಗದ ಎದುರು ಹೋಗಿ ಬಂದಿದ್ದೆವು.

ಬಿರುಕು ಕಂಡ ತಕ್ಷಣ “ವೆಲ್ಡಿಂಗ್ ಹೊಡೆಸಿಬಿಡಿ” ಅನ್ನುವ ಸಲಹೆ ಬರುತ್ತದೆ. ಬೇಡ. ಅಷ್ಟು ಕಾಯಿಸಿದಾಗ ಬೆಸುಗೆಯ ಅಕ್ಕಪಕ್ಕದಲ್ಲಿ ಕ್ರೋಮಿಯಂ ಹಂಚಿಕೆ ಕೆಡಬಹುದು, ಪೊರೆ ಸರಿಯಾಗಿ ಕಟ್ಟದೆ ಹೋಗಬಹುದು. ಹೊಸ ಪಟ್ಟಿಯನ್ನೇ ಹಾಕಬೇಕು.

ಯಾವ ತಂತಿ?

ಟ್ರಾಲರ್ ಬೋಟಿನ ವಾಯರ್ ರೋಪ್ ಬೈತಖೋಲ ಬಂದರಿನಲ್ಲಿ ಬೇಕಾದಷ್ಟು ನೋಡಿದ್ದೀರಿ. ಅದು ರಾಟೆಯ ಮೇಲೆ ಸುತ್ತಿ ಬಿಚ್ಚುವ ತಂತಿ. ಬಗ್ಗಲೆಂದೇ ನೂರಾರು ಸಣ್ಣ ಎಳೆ ಹಾಕಿ ಮಾಡಿದ್ದು. ಬಗ್ಗುವ ತಂತಿ ಹಿಗ್ಗುತ್ತದೆ ಕೂಡ. ಕೂವೆಗೆ ಬೇಕಾದ್ದು ಹಿಗ್ಗದ ತಂತಿ.

ಅದಕ್ಕೆ ಬಳಸುವುದು 1×19 ಅನ್ನುವ ಹೆಣಿಗೆ. ನಡುವೆ ಒಂದು ಎಳೆ, ಸುತ್ತ 6, ಅದರ ಸುತ್ತ 12. ಒಟ್ಟು 19 ದಪ್ಪ ಎಳೆಗಳು. ಮುಟ್ಟಿದರೆ ತಂತಿ ಅನ್ನುವುದಕ್ಕಿಂತ ಸಲಾಕೆ ಅನಿಸುತ್ತದೆ. ಸಣ್ಣ ದೋಣಿಗಳಿಗೆ 3ರಿಂದ 5 ಮಿಲಿಮೀಟರ್ ದಪ್ಪ ಸಾಕಾಗುತ್ತದೆ. 4 ಮಿಲಿಮೀಟರಿನ ತಂತಿ ಕಡಿಯಬೇಕಾದರೆ ಒಂದು ಟನ್‌ಗೂ ಜಾಸ್ತಿ ಎಳೆಯಬೇಕು. ಹಳೆಯದು 4 ಇದ್ದರೆ ಹೊಸದೂ 4 ಇರಲಿ. ಗಟ್ಟಿಯಾಗಲಿ ಅಂತ 6 ಹಾಕಿದರೆ ಮೇಲ್ಭಾಗದ ಭಾರ ಹೆಚ್ಚಿ ದೋಣಿ ಜಾಸ್ತಿ ವಾಲುತ್ತದೆ, ತಂತಿಯ ತುದಿಯನ್ನು ಹಿಡಿಯುವ ಹಳೆ ಪಿನ್ನುಗಳೂ ಕೂರುವುದಿಲ್ಲ.

ಲೋಹದ ನಮೂನೆ 316 ಇರಬೇಕು. ಅಡುಗೆಮನೆಯ ಒಳ್ಳೆಯ ಪಾತ್ರೆಗಳು 304. ಎರಡೂ ನೋಡಲು ಒಂದೇ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ಎದುರು ನಿಲ್ಲುವುದು ಅದೇ. ಅಯಸ್ಕಾಂತ ಇಟ್ಟು ನೋಡಿ ಇದು 316 ಅಂತ ಹೇಳುವವರನ್ನು ನಂಬಬೇಡಿ, ಇವೆರಡರ ನಡುವಿನ ವ್ಯತ್ಯಾಸ ಅಯಸ್ಕಾಂತಕ್ಕೆ ತಿಳಿಯುವುದಿಲ್ಲ. ತಯಾರಕರ ಪ್ರಮಾಣಪತ್ರ ಕೇಳಿ.

ಸ್ಟೀಲ್ ಬದಲು ಡೈನೀಮಾ ಅನ್ನುವ ಕೃತಕ ನಾರಿನ ಹಗ್ಗ ಹಾಕುವವರೂ ಇದ್ದಾರೆ. ಹಗುರ, ಕೈಯಲ್ಲೇ ಹೆಣೆಯಬಹುದು, ತುಕ್ಕಿಲ್ಲ. ಆದರೆ ಸದಾ ಎಳೆತದಲ್ಲಿದ್ದರೆ ನಿಧಾನಕ್ಕೆ ಉದ್ದವಾಗುತ್ತದೆ, ಬಿಸಿಲಿಗೆ ಸೊರಗುತ್ತದೆ. ನಾವು ಸ್ಟೀಲಿಗೇ ನಿಂತೆವು.

ತುದಿಗಳು

ಖರ್ಚಿನಲ್ಲಿ ತಂತಿಗಿಂತ ದೊಡ್ಡ ಪಾಲು ತುದಿಗಳದ್ದು. ಒಂದು ದಾರಿ, ಯಂತ್ರದಲ್ಲಿ ಒತ್ತಿಸುವ ಸ್ವೇಜ್. ಕೊಳವೆಯೊಳಗೆ ತಂತಿ ತೂರಿಸಿ ಭಾರೀ ಒತ್ತಡದಲ್ಲಿ ಹಿಂಡುತ್ತಾರೆ. ಲೋಹ ಎಳೆಗಳ ನಡುವೆ ಹರಿದಂತೆ ಕೂತು ಹಿಡಿಯುತ್ತದೆ. ಸುತ್ತಿಗೆಯಿಂದ, ವೈಸಿನಿಂದ ಮನೆಯಲ್ಲಿ ಆಗುವ ಕೆಲಸ ಅಲ್ಲ.

ಇನ್ನೊಂದು, ಕೈಯಲ್ಲೇ ಬಿಗಿಯುವ ತಿರುಪಿನ ತುದಿ. ತಂತಿಯ ಹೊರಗಿನ 12 ಎಳೆಗಳನ್ನು ಹೂವಿನ ಹಾಗೆ ಬಿಡಿಸಿ, ಒಳಗಿನ 7 ಎಳೆಗಳ ಮೇಲೆ ಒಂದು ಸಣ್ಣ ಶಂಕು ತೂರಿಸಬೇಕು. ಆಮೇಲೆ 12 ಎಳೆಗಳನ್ನು ಅದರ ಸುತ್ತ ಮತ್ತೆ ಮಡಚಿ, ಮೇಲೆ ತಿರುಪಿನ ಕವಚ ಬಿಗಿಯಬೇಕು. ಎಳೆದಷ್ಟೂ ಶಂಕು ಬಿಗಿಯಾಗುತ್ತದೆ. ಕೊನೆಯಲ್ಲಿ ಒಳಗೆ ಸೀಲಂಟ್ ತುಂಬಿ ನೀರು ಹೋಗದ ಹಾಗೆ ಮಾಡುತ್ತಾರೆ. ಮೊದಲ ತುದಿಗೆ ನಮಗೆ ಒಂದು ಮಧ್ಯಾಹ್ನ ಹಿಡಿಯಿತು, ನಾಲ್ಕನೆಯದಕ್ಕೆ ಇಪ್ಪತ್ತು ನಿಮಿಷ.

ನಾವು ಮಾಡಿದ್ದು ಎರಡರ ಮಿಶ್ರಣ. ಮೇಲಿನ ತುದಿ ಒತ್ತಿಸಿ ತಂದೆವು, ಕೆಳಗಿನದು ತಿರುಪಿನದು. ಇದರಿಂದ ಕೊನೆಯ ಉದ್ದವನ್ನು ದೋಣಿಯ ಪಕ್ಕದಲ್ಲೇ ನಿಂತು ಕತ್ತರಿಸಬಹುದು. ಕತ್ತರಿಸುವ ಜಾಗಕ್ಕೆ ಮೊದಲು ಬಿಗಿಯಾಗಿ ಟೇಪ್ ಸುತ್ತಿ, ಇಲ್ಲವಾದರೆ 19 ಎಳೆಗಳೂ ಚಿಮ್ಮಿ ಬಿಚ್ಚಿಕೊಳ್ಳುತ್ತವೆ. ಕೇಬಲ್‌ಗೆ ಹಾಕುವ ಯು ಕ್ಲಾಂಪ್? ಸಮುದ್ರದ ನಡುವೆ ಕಡಿದಾಗ ದಡ ಸೇರಲು ಸರಿ. ಅದನ್ನೇ ಕಾಯಂ ಮಾಡಬೇಡಿ.

ಕೂವೆ ಇಳಿಸುವುದು

ಒಂದೊಂದೇ ತಂತಿ ಬಿಚ್ಚಿ, ಆ ಜಾಗಕ್ಕೆ ಹಾಯಿಯ ಹಗ್ಗ ಕಟ್ಟಿಕೊಂಡು, ಕೂವೆ ನಿಂತಿರುವಾಗಲೇ ಬದಲಿಸುವವರಿದ್ದಾರೆ. ಅದಕ್ಕೆ ಯಾರಾದರೂ ಮೇಲೆ ಹತ್ತಬೇಕು. ತಂತಿಯ ಮೇಲೆ ಅನುಮಾನ ಬಂದದ್ದಕ್ಕೇ ಬದಲಿಸುತ್ತಿರುವಾಗ ಅದೇ ತಂತಿಗಳನ್ನು ನಂಬಿ ಕೂವೆ ಹತ್ತುವುದು ನನಗೆ ಸರಿ ಕಾಣಲಿಲ್ಲ. ಇಳಿಸಿಯೇ ಮಾಡಿದೆವು.

ಇದಕ್ಕೆ ಮಳೆಗಾಲವೇ ಹೊಂದುವ ಕಾಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬಂದರಿನ ಮಿಸ್ತ್ರಿಗಳೆಲ್ಲ ಬೋಟು ರಿಪೇರಿಯಲ್ಲಿರುತ್ತಾರೆ. ಸಹಾಯಕ್ಕೆ ಕೈ, ಕೇಳಲು ಕಿವಿ, ಸಾಮಾನಿಗೆ ಅಂಗಡಿ, ಎಲ್ಲ ಸಿಗುತ್ತದೆ. ದೋಣಿ ಹೇಗೂ ದಡದಲ್ಲಿರುತ್ತದೆ.

ಎಲ್ಲಕ್ಕಿಂತ ಮೊದಲು ತಲೆ ಎತ್ತಿ ನೋಡಿ. ಕರೆಂಟ್ ಲೈನ್ ಇದೆಯೇ? ಕೂವೆ ಅಲ್ಯೂಮಿನಿಯಂನದು, ತಂತಿ ಸ್ಟೀಲಿನದು. ದೋಟಿಯಲ್ಲಿ ಕಾಯಿ ಕೊಯ್ಯುವಾಗ ಲೈನಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಕೂವೆ ಅದಕ್ಕಿಂತ ಉದ್ದದ ದೋಟಿ. ಬೀಳುವ ಕಡೆಗೂ, ತಪ್ಪಿ ಬೀಳಬಹುದಾದ ಕಡೆಗೂ ಲೈನ್ ಇರಬಾರದು.

ಇಳಿಸುವಾಗ ಮತ್ತೆ ಕೋನದ ಆಟ. ಬುಡದಲ್ಲಿ ಕೀಲು ಇರುವ ಕೂವೆಯನ್ನು ಹಿಂದಕ್ಕೆ ಮಲಗಿಸಬೇಕಾದರೆ ಮುಂದಿನಿಂದ ಹಗ್ಗ ಸಡಿಲಿಸುತ್ತಾ ಬರಬೇಕು. ಕೂವೆ ಕೆಳಗೆ ಬಂದಷ್ಟೂ ಹಗ್ಗ ಅದಕ್ಕೆ ಸಮಾನಾಂತರವಾಗಿ ಮಲಗುತ್ತದೆ. ಆಗ ಎಷ್ಟು ಎಳೆದು ಹಿಡಿದರೂ ಭಾರ ತಡೆಯುವುದಿಲ್ಲ. ಅದಕ್ಕೆ ಕೂವೆಯ ಬುಡದಿಂದ ಮುಂದಕ್ಕೆ ಚಾಚುವ ಹಾಗೆ ಇನ್ನೊಂದು ಗಳ ಕಟ್ಟುತ್ತಾರೆ. ಕೂವೆಯ ತಲೆಯ ಹಗ್ಗ ಗಳದ ತುದಿಗೆ, ಗಳದ ತುದಿಯಿಂದ ಕಪ್ಪಿ ದೋಣಿಯ ಮೂತಿಗೆ. ಕೂವೆ ಮಲಗುತ್ತಾ ಬಂದ ಹಾಗೆ ಗಳ ಎದ್ದು ನಿಲ್ಲುತ್ತದೆ, ಕೋನ ಉಳಿಯುತ್ತದೆ. ಬಾವಿಯ ಏತ ನೋಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಯೇ ಬರಲಿಲ್ಲ. ಎರಡೂ ಬದಿಗೆ ಒಬ್ಬೊಬ್ಬರು ಹಗ್ಗ ಹಿಡಿದು ಕೂವೆ ಪಕ್ಕಕ್ಕೆ ವಾಲದಂತೆ ನೋಡಿಕೊಂಡರೆ ಸಾಕು.

ಅಳತೆಯಲ್ಲಿ ನಾವು ಮಾಡಿದ ತಪ್ಪು

ಪ್ರತಿ ತಂತಿಗೂ ಬಿಚ್ಚುವ ಮೊದಲೇ ಚೀಟಿ ಕಟ್ಟಿ. ಎಡ ಮೇಲಿನದು, ಬಲ ಕೆಳಗಿನದು, ಹೀಗೆ. ಅಳತೆ ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ಸ್ಟೀಲ್ ಟೇಪಿನಲ್ಲಿ, ತಂತಿಯನ್ನು ಎಳೆದು ನೆಟ್ಟಗೆ ಹಿಡಿದು.

ತಂತಿಯ ಕೆಳಗೆ ಟರ್ನ್‌ಬಕಲ್ ಇರುತ್ತದೆ. ತಿರುಗಿಸಿದರೆ ಎರಡೂ ಕಡೆಯ ತಿರುಪು ಒಳಗೆ ಬಂದು ತಂತಿ ಬಿಗಿಯಾಗುತ್ತದೆ. ನಮ್ಮ ಹಳೆ ತಂತಿ ವರ್ಷಗಳಲ್ಲಿ ಹಿಗ್ಗಿತ್ತು. ಅದನ್ನು ಸರಿದೂಗಿಸಲು ಹಿಂದಿನವರು ಟರ್ನ್‌ಬಕಲನ್ನು ಪೂರ್ತಿ ಒಳಗೆ ತಿರುಗಿಸಿಬಿಟ್ಟಿದ್ದರು. ನಾವು ಅದನ್ನು ಗಮನಿಸದೆ ಹಳೆ ತಂತಿಯ ಉದ್ದವನ್ನೇ ಹೊಸದಕ್ಕೂ ಬರೆದೆವು. ಹೊಸ ತಂತಿ ಹಾಕಿದಾಗ ಬಿಗಿಯಲು ಒಂದು ಸುತ್ತೂ ಉಳಿದಿರಲಿಲ್ಲ. ಕೆಳಗಿನ ತುದಿ ತಿರುಪಿನದಾಗಿದ್ದರಿಂದ ಬಚಾವಾದೆವು, ಸ್ವಲ್ಪ ಕತ್ತರಿಸಿ ಮತ್ತೆ ಹಾಕಿದೆವು. ಟರ್ನ್‌ಬಕಲ್ ಅರ್ಧ ತೆರೆದ ಸ್ಥಿತಿಯಲ್ಲಿ ಉದ್ದ ಲೆಕ್ಕ ಹಾಕಬೇಕಿತ್ತು.

ಸ್ಟೀಲ್ ತಿರುಪು ಸ್ಟೀಲ್ ಮೈಯೊಳಗೆ ಒಣಗಿದ್ದಾಗ ತಿರುಗಿಸಿದರೆ ಕಚ್ಚಿಕೊಂಡು ಬೆಸುಗೆ ಹಾಕಿದ ಹಾಗೆ ಕೂತುಬಿಡುತ್ತದೆ. ಗ್ರೀಸ್ ಹಚ್ಚಿಯೇ ತಿರುಗಿಸಿ. ದೊಡ್ಡ ಪಿನ್ನು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನುಗಳನ್ನು ಹಳೆಯದೇ ಬಗ್ಗಿಸಿ ಹಾಕಬೇಡಿ, ಹತ್ತಿಪ್ಪತ್ತು ರೂಪಾಯಿಯ ಆ ಪಿನ್ನು ಇಡೀ ಕೂವೆಯನ್ನು ಹಿಡಿದಿರುತ್ತದೆ. ಪಿನ್ನಿನ ಕಾಲುಗಳನ್ನು ಸ್ವಲ್ಪ ಅಗಲಿಸಿ, ಮೇಲೆ ಟೇಪ್ ಸುತ್ತಿದರೆ ಹಾಯಿಗೂ ನಮ್ಮ ಕಾಲಿಗೂ ತಾಗುವುದಿಲ್ಲ.

ಎಷ್ಟು ಬಿಗಿ?

ಕೂವೆ ನಿಲ್ಲಿಸಿದ ಮೇಲೆ ಮೊದಲು ಅದು ನೆಟ್ಟಗಿದೆಯೇ ನೋಡಬೇಕು. ಹಾಯಿ ಏರಿಸುವ ಹಗ್ಗದ ತುದಿಯನ್ನು ಎಡ ಚೈನ್‌ಪ್ಲೇಟಿಗೆ ಮುಟ್ಟಿಸಿ ಗುರುತು ಮಾಡಿ, ಅದೇ ಅಳತೆ ಬಲಕ್ಕೂ ಮುಟ್ಟುತ್ತದೆಯೇ ನೋಡಿ. ಆಮೇಲೆ ಎರಡೂ ಬದಿ ಸಮ ಸುತ್ತು ಹಾಕುತ್ತಾ ಬಿಗಿಯಬೇಕು.

ಬಿಗಿ ಅಳೆಯಲು ಯಂತ್ರ ಇದೆ. ಇಲ್ಲದಿದ್ದರೂ ನಡೆಯುತ್ತದೆ. 1×19 ತಂತಿಗೆ ಒಂದು ಚಂದದ ಗುಣ ಇದೆ. ಅದರ 2 ಮೀಟರ್ ಉದ್ದ 1 ಮಿಲಿಮೀಟರ್ ಹಿಗ್ಗಿದರೆ, ಕಡಿಯುವ ಬಲದ 5 ಶೇಕಡಾ ಎಳೆತ ಬಿದ್ದಿದೆ ಅಂತ ಲೆಕ್ಕ. ತಂತಿ ದಪ್ಪ ಇರಲಿ ತೆಳ್ಳಗಿರಲಿ, ಲೆಕ್ಕ ಅದೇ. ಕೈಯಲ್ಲಿ ಬಿಗಿದಷ್ಟೇ ಇರುವಾಗ 2 ಮೀಟರಿನ ಪಟ್ಟಿಯೊಂದರ ಮೇಲ್ತುದಿಯನ್ನು ತಂತಿಗೆ ಟೇಪ್ ಹಾಕಿ ಅಂಟಿಸಿ. ಕೆಳತುದಿ ಕೊಳವೆಯ ತಲೆಗೆ ಸರಿಯಾಗಿ ತಾಗಿರಲಿ. ಬಿಗಿಯುತ್ತಾ ಹೋದಂತೆ ಪಟ್ಟಿಗೂ ಕೊಳವೆಗೂ ನಡುವೆ ಸಂದಿ ಬೀಳುತ್ತದೆ. 3 ಮಿಲಿಮೀಟರ್ ಬಿದ್ದರೆ 15 ಶೇಕಡಾ. ಮೇಲಿನ ಶ್ರೌಡಿಗೆ ಶುರುವಿನಲ್ಲಿ ಅಷ್ಟು ಸಾಕು. 25 ಶೇಕಡಾ ದಾಟಬಾರದು. ಸಡಿಲ ಬಿಟ್ಟರೆ ದೋಣಿಗೆ ಆರಾಮ ಅಂದುಕೊಳ್ಳುವವರಿದ್ದಾರೆ. ಸಡಿಲ ತಂತಿ ಪ್ರತಿ ಅಲೆಗೂ ಜಗ್ಗಿ ಬಿಡುತ್ತದೆ, ಬೈಂಡಿಂಗ್ ವಾಯರ್ ಕತೆಯೇ ಮತ್ತೆ.

ಉಳಿದದ್ದು ನೀರಿನ ಮೇಲೆ. ಅಕ್ಟೋಬರ್ ನಂತರ ನಮ್ಮ ಕಡಲಲ್ಲಿ ಮಧ್ಯಾಹ್ನ ಹದವಾದ ಗಾಳಿ ಏಳುತ್ತದೆ. ಅದರಲ್ಲಿ ದೋಣಿ ಚೆನ್ನಾಗಿ ವಾಲಿದಾಗ ಗಾಳಿಯ ಮರೆಯ ಬದಿಯ ಶ್ರೌಡ್ ಜೋಲಾಡುತ್ತಿದ್ದರೆ ಒಂದೆರಡು ಸುತ್ತು ಬಿಗಿದು, ದೋಣಿ ತಿರುಗಿಸಿ, ಇನ್ನೊಂದು ಬದಿಗೂ ಅಷ್ಟೇ ಸುತ್ತು ಹಾಕಬೇಕು. ಹೊಸ ತಂತಿಯ ಎಳೆಗಳು ಒಂದಕ್ಕೊಂದು ಕೂತುಕೊಳ್ಳಲು ನಾಲ್ಕಾರು ಓಟ ಬೇಕು, ಆಮೇಲೆ ಮತ್ತೊಮ್ಮೆ ಬಿಗಿಯಬೇಕು. ಹಾಕಿದ ತಿಂಗಳು, ವರ್ಷ ಒಂದು ಪುಸ್ತಕದಲ್ಲಿ ಬರೆದಿಡಿ.

ಹಳೆ ತಂತಿ ಏನು ಮಾಡಿದಿರಿ ಅಂತ ಕೇಳುತ್ತಾರೆ. ಎಲ್ಲಕ್ಕಿಂತ ಉದ್ದದ್ದನ್ನು ನಾಲ್ಕು ಯು ಕ್ಲಾಂಪ್ ಮತ್ತು ಒಂದು ಬೋಲ್ಟ್ ಕಟರ್ ಜೊತೆ ದೋಣಿಯಲ್ಲೇ ಇಟ್ಟಿದ್ದೇವೆ, ಆಪತ್ತಿಗೆ. ಇನ್ನೊಂದನ್ನು ನಾನು ಮನೆಗೆ ತಂದು ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದೆ. ಹತ್ತಿ ಹಿಡಿದು ಎರಡು ಸಲ ನೋಡಿದ್ದೆ, ಏನೂ ಸಿಕ್ಕಿರಲಿಲ್ಲ. ಮೂರನೇ ವಾರ ಅಮ್ಮನ ಕಾಟನ್ ಸೀರೆ ಹರಿಯಿತು. ಹೋಗಿ ನೋಡಿದರೆ ಮುರಿದ ಎಳೆ ಇದ್ದದ್ದು ಕೊಳವೆಯ ಬಾಯಿಯಿಂದ ಅರ್ಧ ಬೆರಳು ದೂರದಲ್ಲಿ.